ಬಾಂದುಕಲ್ಲಿನ ಕೆಳಗೆ

ಅರ್ಮಾಂದ್ ರೆಸೆಗಿಯೆ ಸಂತೆಯಿಂದ ಮರಳಿದಾಗ ಅವಳ ಬೆಳ್ಳುಳ್ಳಿ ಕೊಟ್ಟಿಗೆಯ ನಡುಗಂಬದ ಬುಡದಲ್ಲಿ ಒಂದು ಮರದ ಗೂಟ ನೆಟ್ಟಿತ್ತು. ಗೇಣುದ್ದದ ಹೊಸ ಗೂಟ, ತಲೆಗೆ ಕಡುಗೆಂಪು ಬಣ್ಣ. ಬೆಳಿಗ್ಗೆ ಅವಳು ವ್ಯಾನು ಹತ್ತುವಾಗ ಅದು ಅಲ್ಲಿರಲಿಲ್ಲ. ಬುಟ್ಟಿಯನ್ನು ಕೆಳಗಿಳಿಸದೆ ನಿಂತಲ್ಲಿಂದಲೇ ಕಣ್ಣು ಹಾಯಿಸಿದಳು. ರಸ್ತೆಯ ಕಡೆಗೆ ಅಂಥದೇ ಇನ್ನೊಂದು, ಹಿತ್ತಲ ಕಡೆಗೆ ಮತ್ತೊಂದು. ಮೂರೂ ನೂಲು ಹಿಡಿದಂತೆ ಒಂದೇ ಗೆರೆಯಲ್ಲಿದ್ದವು, ಮತ್ತು ಆ ಗೆರೆ ಕೊಟ್ಟಿಗೆಯನ್ನು ನಟ್ಟನಡುವೆ ಸೀಳಿಕೊಂಡು ಹೋಗಿತ್ತು.

ಬಾಂದುಕಲ್ಲು ಇದ್ದದ್ದು ಅಲ್ಲಲ್ಲ. ಕೊಟ್ಟಿಗೆಯ ಹೊರಗೋಡೆಗೂ ಆಚೆ, ಬಾಸಿಲ್ ಎಸ್ಕುದಿಯೆಯ ಸೂರ್ಯಕಾಂತಿ ಹೊಲದ ಅಂಚಿನಲ್ಲಿ, ಮುಳ್ಳುಬಳ್ಳಿಗಳ ನಡುವೆ ಮೊಣಕಾಲೆತ್ತರಕ್ಕೆ ನಿಂತಿತ್ತು ಆ ಕಲ್ಲು. ಅದರ ನೆತ್ತಿಯ ಮೇಲೆ 1834 ಎಂಬ ಇಸವಿ ಕೆತ್ತಿತ್ತು. ಗೂಟದಿಂದ ಕಲ್ಲಿಗೆ ಅರ್ಮಾಂದ್ ನಡೆದು ನೋಡಿದಳು: ಮೂರು ಹೆಜ್ಜೆ. ತಾನಿಲ್ಲದ ಮಂಗಳವಾರವನ್ನೇ ಆರಿಸಿಕೊಂಡು, ತನ್ನ ನೆಲದ ಮೂರು ಹೆಜ್ಜೆಗಳನ್ನು ಯಾರೋ ಕೆಂಪು ಬಣ್ಣದಲ್ಲಿ ಕತ್ತರಿಸಿದ್ದರು.

ಯಾರೆಂಬುದರಲ್ಲಿ ಅವಳಿಗೆ ಅನುಮಾನವಿರಲಿಲ್ಲ. ಬಾಸಿಲ್ ತನ್ನ ಹೊಲವನ್ನು ಬಡಾವಣೆಗೆ ಮಾರುತ್ತಿದ್ದಾನೆಂಬುದು ಊರಿಗೆಲ್ಲ ತಿಳಿದ ಸಂಗತಿ. ಆ ಹೊಲದಲ್ಲಿ ತೊಂಬತ್ತಾರು ಮನೆಗಳೇಳುತ್ತವೆ. ತೊಂಬತ್ತಾರು ಮನೆಗಳ ಕಾರುಗಳು ಹೊರಬೀಳಲು ಅಗಲವಾದ ದಾರಿ ಬೇಕು. ದಾರಿ ಅಗಲವಾಗಬೇಕಾದರೆ ಅದು ಅರ್ಮಾಂದಳ ಕಡೆಗೇ ಅಗಲವಾಗಬೇಕು, ಏಕೆಂದರೆ ಇನ್ನೊಂದು ಕಡೆಗೆ ಹಳ್ಳವಿದೆ.

ಮೊಂತೊರೆಲ್ ಬೆಳೆಯುತ್ತಿದ್ದ ಪರಿಯೇ ಹಾಗಿತ್ತು. ಅವಳು ಹುಟ್ಟಿದಾಗ ನಾನೂರ ಹನ್ನೆರಡು ಜನರಿದ್ದ ಊರು ಈಗ ಮೂರು ಸಾವಿರದ ಆರುನೂರನ್ನು ದಾಟಿತ್ತು. ಐದು ವರ್ಷಕ್ಕೊಮ್ಮೆ ಜನಗಣತಿಯವರು ಬಂದು ಹೋದರೆ ಪುರಸಭೆಯ ಫಲಕದ ಮೇಲಿನ ಅಂಕಿ ಹೊಸದಾಗುತ್ತಿತ್ತು. ತುಲೂಸಿನ ವಿಮಾನ ಕಾರ್ಖಾನೆಗಳಿಗೆ ಬೆಳಿಗ್ಗೆ ಏಳಕ್ಕೆ ಹೊರಟ ಕಾರುಗಳು ಸಂಜೆ ಏಳಕ್ಕೆ ಒಂದರ ಬಾಲವನ್ನೊಂದು ಹಿಡಿದು ಮರಳುತ್ತಿದ್ದವು. ಹೊಸ ಬೀದಿಗಳಿಗೆಲ್ಲ ವಿಮಾನ ಹಾರಿಸಿದ ವೀರರ ಹೆಸರುಗಳು. ಶಾಲೆಯ ಅಂಗಳದಲ್ಲಿ ತಗಡಿನ ತರಗತಿಗಳು. ಇಗರ್ಜಿಗೆ ಮಾತ್ರ ಮೊದಲಿನಷ್ಟೇ ಜನ. ಹದಿನೇಳು ಊರುಗಳಿಗೆ ಒಬ್ಬರೇ ಪಾದ್ರಿಯಾದ್ದರಿಂದ ಪೂಜೆ ಮೂರು ವಾರಕ್ಕೊಮ್ಮೆ. ಆ ಭಾನುವಾರಗಳಂದು ಪೀಠದ ಮುಂದೆ ನಿಂತು ಧರ್ಮಗ್ರಂಥದ ಮೊದಲ ವಾಚನವನ್ನು ಮಾಡುವವಳು ಅರ್ಮಾಂದಳೇ.

ಅವಳಿಗೆ ಎಪ್ಪತ್ತು ವರ್ಷ. ಮದುವೆಯಾಗಲಿಲ್ಲ. ತಂದೆ ಸಿಪ್ರಿಯಾಂ ಬಿಟ್ಟುಹೋದ ನೇರಳೆ ಬೆಳ್ಳುಳ್ಳಿಯ ಹೊಲವೇ ಅವಳ ಸಂಸಾರ. ಆ ಬೆಳ್ಳುಳ್ಳಿಯ ಪ್ರಾಣವೆಲ್ಲ ಈ ಕೊಟ್ಟಿಗೆಯಲ್ಲಿತ್ತು. ಕಿತ್ತ ಗಡ್ಡೆಗಳನ್ನು ಕಟ್ಟುಕಟ್ಟಾಗಿ ತೊಲೆಗಳಿಂದ ತೂಗುಹಾಕಿದರೆ, ಆಗ್ನೇಯದಿಂದ ಬೀಸುವ ಓತಾಂ ಗಾಳಿ ಹಲಗೆಗಳ ಸಂದಿನಲ್ಲಿ ನುಸುಳಿ ಮೂರು ವಾರಗಳಲ್ಲಿ ಅವನ್ನು ಎಲುಬಿನಂತೆ ಒಣಗಿಸುತ್ತಿತ್ತು. ಬೇರೆಡೆ ಕಟ್ಟೋಣವೆಂದರೆ ಅವಳ ನೆಲದ ಒಂದು ಮಗ್ಗುಲಿಗೆ ಎರಡಂತಸ್ತಿನ ಮನೆಗಳ ಸಾಲು, ಇನ್ನೊಂದಕ್ಕೆ ಶಾಲೆಯ ವ್ಯಾಯಾಮಶಾಲೆ. ಗಾಳಿಗೆ ಉಳಿದಿದ್ದ ದಾರಿ ಇದೊಂದೇ. ಕೊಟ್ಟಿಗೆ ಹೋದರೆ ಬೆಳ್ಳುಳ್ಳಿ ಕೊಳೆಯುತ್ತದೆ. ಬೆಳ್ಳುಳ್ಳಿ ಹೋದರೆ ಹೊಲವನ್ನು ಮಾರಬೇಕು. ಹೊಲವನ್ನು ಕೊಳ್ಳಲು ಪುರಸಭೆ ಬಾಯಿ ತೆರೆದು ಕಾದಿದೆ. ಸಂಚಿನ ಸರಪಳಿಯ ಒಂದೊಂದು ಕೊಂಡಿಯೂ ಅವಳ ಕಣ್ಣಿಗೆ ಹಗಲಿನಷ್ಟು ನಿಚ್ಚಳವಾಗಿ ಕಾಣುತ್ತಿತ್ತು.

ಮರುದಿನ ಬ್ರೆಡ್ಡಿನ ಅಂಗಡಿಯ ರೋಲಾಂದ್ ಆ ಸರಪಳಿಗೆ ಇನ್ನೊಂದು ಕೊಂಡಿಯನ್ನು ಸೇರಿಸಿದಳು.

"ನಿಂಗೆ ಗೊತ್ತೇ ಇಲ್ವಾ?" ಎಂದಳು ಅವಳು, ಬ್ರೆಡ್ಡಿಗೆ ಕಾಗದ ಸುತ್ತುತ್ತ. "ಹೋದ ಗುರುವಾರ ಮೂರೂ ಜನ ಹೋಟೆಲಲ್ಲಿ ಒಂದೇ ಮೇಜಲ್ಲಿ ಕೂತು ಊಟ ಮಾಡಿದ್ರು. ಬಾಸಿಲ್ಲು, ಮೇಯರಮ್ಮ, ಆ ಸರ್ವೇ ಹುಡುಗ. ಬಾತುಕೋಳಿ ತೊಡೆ, ಹುರುಳಿಕಾಯಿ. ನನ್ನ ತಂಗಿ ಮಗಳೇ ಬಡಿಸಿದ್ದು."

"ಊಟ ಮಾಡಿದ್ರೆ ಮಾಡ್ಲಿ ಬಿಡು."

"ಊಟ ಅಲ್ಲ ಕಣೇ ವಿಷಯ. ಎರಡನೇ ಲೋಟ ವೈನು ಬಾಸಿಲ್ ಬೇಡ ಅಂದ್ನಂತೆ."

ಅರ್ಮಾಂದಳ ಕೈ ಬ್ರೆಡ್ಡಿನ ಮೇಲೆಯೇ ನಿಂತಿತು. "ಬಾಸಿಲ್? ಬೇಡ ಅಂದ್ನಾ?"

"ಲೋಟದ ಮೇಲೆ ಅಂಗೈ ಇಟ್ಟು ಮುಚ್ಚಿದ್ನಂತೆ. ಅವನ ಮದುವೆ ದಿನ ಕೂಡ ಹಂಗೆ ಮಾಡ್ದೋನಲ್ಲ. ತಲೆ ನೆಟ್ಟಗಿಟ್ಕೋಬೇಕು ಅನ್ನೋ ಅಂಥದ್ದು ಏನಿತ್ತಪ್ಪಾ ಅವ್ನಿಗೆ, ನೀನೇ ಹೇಳು."

ಅರ್ಮಾಂದ್ ಬ್ರೆಡ್ಡನ್ನು ಬುಟ್ಟಿಗೆ ಹಾಕಿಕೊಂಡು ಹೊರಟಳು. ಅಂಗಡಿಯಿಂದ ಮನೆಯವರೆಗೂ ಆ ಮುಚ್ಚಿದ ಲೋಟ ಅವಳ ಮುಂದೆ ಮುಂದೆ ನಡೆಯಿತು. ಕುಡಿದವನ ಮಾತನ್ನು ನಂಬದಿರಬಹುದು. ಕುಡಿಯಲೊಲ್ಲದವನ ಮೌನವನ್ನು ಏನು ಮಾಡುವುದು?

ಅಂದಿನಿಂದ ಅವಳು ಸಂಜೆಗಳನ್ನು ಕೊಟ್ಟಿಗೆಯೊಳಗೇ ಕಳೆದಳು. ಕೈ ಬೆಳ್ಳುಳ್ಳಿಯ ಕಟ್ಟುಗಳನ್ನು ಬಿಗಿಯುತ್ತಿದ್ದರೆ ಕಣ್ಣು ಹಲಗೆಗಳ ಸಂದಿನಲ್ಲಿರುತ್ತಿತ್ತು. ನಾಲ್ಕನೆಯ ಸಂಜೆ ಅವಳ ಕಾವಲು ಫಲಿಸಿತು. ಸೂರ್ಯಕಾಂತಿಗಳ ಮರೆಯಿಂದ ಬಾಸಿಲ್ ಬಂದ. ಎಪ್ಪತ್ತೆರಡರ ದಪ್ಪ ಮೈಯನ್ನು ನಿಧಾನವಾಗಿ ಮಡಿಸಿ ಬಾಂದುಕಲ್ಲಿನ ಮುಂದೆ ಮಂಡಿಯೂರಿ ಕುಳಿತ. ಕೈಯಲ್ಲಿ ಕುಡುಗೋಲು. ಕಲ್ಲಿನ ಸುತ್ತ ಸವರಿದ, ಅಂಗೈಯಿಂದ ಅದರ ನೆತ್ತಿಯನ್ನು ಒರೆಸಿದ, ಬುಡದ ಮಣ್ಣನ್ನು ಬೆರಳಿನಿಂದ ಒತ್ತಿ ನೋಡಿದ. ಆಮೇಲೆ ಎದ್ದು ಕೊಟ್ಟಿಗೆಯ ಕಡೆಗೆ ಹೆಜ್ಜೆ ಎಣಿಸತೊಡಗಿದ. ಎರಡನೆಯ ಹೆಜ್ಜೆಗೆ ಅರ್ಮಾಂದ್ ಬಾಗಿಲಲ್ಲಿದ್ದಳು.

"ಪ್ರಾರ್ಥನೆನಾ ಬಾಸಿಲ್? ಇಗರ್ಜಿ ಆ ಕಡೆ ಇದೆ."

ಬಾಸಿಲ್ ಬೆಚ್ಚಲಿಲ್ಲ. ಬೆಚ್ಚದಿದ್ದುದೇ ಅವಳಿಗೆ ಇನ್ನಷ್ಟು ಸಂಶಯ ತಂದಿತು.

"ಮುಳ್ಳು ಸವರ್ತಿದೀನಿ ಕಣೇ. ನಾಳೆ ಸರ್ವೇ ಹುಡುಗ ಬಂದು ಕಲ್ಲೆಲ್ಲಿ ಅಂತ ಹುಡುಕಬಾರ್ದಲ್ಲ. ನೀನು ಒಳಗಿಂದ ಇಣುಕ್ತಾ ಇರ್ತೀಯ ಅಂತ ಗೊತ್ತಿದ್ರೆ ಒಳ್ಳೆ ಅಂಗಿ ಹಾಕ್ಕೊಂಡು ಬರ್ತಿದ್ದೆ."

"ಮುಳ್ಳು ಸವರೋಕೆ ಹೆಜ್ಜೆ ಯಾಕೆ ಎಣಿಸ್ಬೇಕು?"

"ನಮ್ಮಪ್ಪನೂ ಎಣಿಸ್ತಿದ್ದ. ಸಾಯೋ ತನಕ ಎಣಿಸ್ದ. ಆ ಕಡೆ ಹಳ್ಳದಿಂದ ಹೊರಟು ಈ ಕಲ್ಲಿನ ತನಕ. ಪ್ರತಿ ಸಲ ಮೂರು ಹೆಜ್ಜೆ ಕಮ್ಮಿ."

"ನಿಮ್ಮಪ್ಪನ ಕಾಲು ಉದ್ದ ಇತ್ತು."

"ನಿಮ್ಮಪ್ಪನ ಕೈ," ಎಂದ ಬಾಸಿಲ್. ಎಂದವನೇ ಕುಡುಗೋಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಹೊಲದೊಳಕ್ಕೆ ನಡೆದುಬಿಟ್ಟ.

ಅರ್ಮಾಂದಳಿಗೆ ಆ ಮಾತು ಕೆನ್ನೆಗೆ ಬಿದ್ದ ಏಟಿನಂತಾಯಿತು. ಸಿಪ್ರಿಯಾಂ ರೆಸೆಗಿಯೆ ಕುಯ್ಯುವ ಮುನ್ನ ಪ್ರತಿ ಬ್ರೆಡ್ಡಿನ ಬೆನ್ನ ಮೇಲೂ ಚಾಕುವಿನ ಮೊನೆಯಿಂದ ಶಿಲುಬೆಯ ಗುರುತನ್ನೆಳೆಯುತ್ತಿದ್ದ ಮನುಷ್ಯ. ಉಪವಾಸದ ನಲವತ್ತು ದಿನ ಹೊಗೆಸೊಪ್ಪನ್ನು ಮುಟ್ಟದವನು. ಅವನ ಶವದ ಹಿಂದೆ ಊರಿಗೆ ಊರೇ ನಡೆದಿತ್ತು, ಬಾಸಿಲನ ಮನೆಯವರ ಹೊರತು. ಎರಡು ಮನೆಗಳ ನಡುವಿನ ಮಾತು ಯಾವಾಗಲೋ ಒಣಗಿಹೋಗಿತ್ತು. ಅದಕ್ಕೂ ಮೊದಲು ಹಾಗಿರಲಿಲ್ಲ. 1961ರಲ್ಲಿ ಈ ಕೊಟ್ಟಿಗೆ ಎದ್ದಾಗ ಮಾಡಿಗೆ ಹೆಂಚು ಬಂದದ್ದೇ ಬಾಸಿಲನ ತಂದೆ ಹೆಂಚು ಸುಡುತ್ತಿದ್ದ ಗೂಡಿನಿಂದ. ಎಂಟು ವರ್ಷದ ಅರ್ಮಾಂದ್ ಏಣಿಯ ಬುಡದಲ್ಲಿ ನಿಂತು ಒಂದೊಂದಾಗಿ ಅವನ್ನು ತಂದೆಗೆ ಎತ್ತಿಕೊಟ್ಟಿದ್ದಳು.

ಮಾರನೆಯ ಬೆಳಿಗ್ಗೆ ಅವಳು ಪುರಸಭೆಗೆ ಹೋದಳು. ಮೇಯರ್ ಸೆವ್ರಿನ್ ಲಕೋಂಬ್ ಹನ್ನೊಂದು ವರ್ಷಗಳ ಹಿಂದೆ ಉತ್ತರದ ಲಿಲ್ಲಿನಿಂದ ಬಂದು ನೆಲೆಸಿದವರು. ಊರಿನ ಹಳಬರ ಮುಂದೆ ಅವರ ದನಿ ಯಾವಾಗಲೂ ಒಂದಿಷ್ಟು ಹೆಚ್ಚೇ ಮೃದುವಾಗುತ್ತಿತ್ತು.

"ಮದಾಂ ರೆಸೆಗಿಯೆ, ಕೂತ್ಕೊಳ್ಳಿ. ಕಾಫಿ ತಗೋತೀರಾ?"

"ಬೇಡ. ನನ್ನ ಕೊಟ್ಟಿಗೆ ಒಳಗೆ ನಿಮ್ಮ ಗೂಟ ಇದೆ."

"ನಮ್ಮದಲ್ಲ ಮದಾಂ, ಸರ್ವೆಯವರದು. ಅದು ತಾತ್ಕಾಲಿಕ. ಹಳೇ ನಕ್ಷೆಯಲ್ಲಿ ಗಡಿ ಅಲ್ಲಿದೆ ಅಂತ ಅವರು ಹೇಳ್ತಾರೆ. ನೀವು ಒಪ್ಪದೆ ಯಾವುದೂ ಆಗಲ್ಲ. ಮಿಸ್ಯೂ ಎಸ್ಕುದಿಯೆ, ನೀವು, ಇಬ್ಬರೂ ಸಹಿ ಹಾಕಬೇಕು."

"ನಕ್ಷೆ ಕಾಗದ. ಕಲ್ಲು ಕಲ್ಲು."

"ಕಲ್ಲನ್ನ ಯಾರಾದರೂ ಸರಿಸಿರಬಹುದು ಅಂತ..." ಎಂದು ಆರಂಭಿಸಿದ ಮೇಯರ್ ಅರ್ಮಾಂದಳ ಮುಖವನ್ನು ನೋಡಿ ಮಾತನ್ನು ನುಂಗಿಕೊಂಡರು.

"ಯಾರಂದ್ರು? ಬಾಸಿಲ್ಲಾ? ಬಾತುಕೋಳಿ ತಿನ್ನೋವಾಗ ಅಂದ್ನಾ?"

ಮೇಯರರ ಕತ್ತು ಕೆಂಪಾಯಿತು. ಅರ್ಮಾಂದಳಿಗೆ ಅಷ್ಟೇ ಸಾಕಾಗಿತ್ತು.

"ಹಂಗಾದ್ರೆ ಕಲ್ಲು ಎತ್ತಿಸಿ," ಎಂದಳು. "ನಿಮ್ಮ ಲಿಲ್ಲಿನಲ್ಲಿ ಹೆಂಗೋ ಗೊತ್ತಿಲ್ಲ. ಇಲ್ಲಿ ಬಾಂದುಕಲ್ಲು ನೆಡೋವಾಗ ಅದರಡಿ ಸಾಕ್ಷಿ ಇಡ್ತಿದ್ರು. ಒಂದು ಹೆಂಚನ್ನ ಎರಡು ತುಂಡು ಮಾಡಿ, ಎದುರುಬದುರು ಹೂತು, ಮೇಲೆ ಕಲ್ಲು. ಮುಂದೆ ಜಗಳ ಬಂದ್ರೆ ಕಲ್ಲೆತ್ತಿ ನೋಡೋದು. ತುಂಡು ಎರಡೂ ಇದ್ದು, ಒಂದಕ್ಕೊಂದು ಕೂಡ್ಕೊಂಡ್ರೆ ಕಲ್ಲು ನಿಜ. ಇಲ್ಲದಿದ್ರೆ ಕಳ್ಳಗಲ್ಲು. ರಾತ್ರೋರಾತ್ರಿ ಕಲ್ಲು ಸರಿಸೋನು ಸಾಕ್ಷಿ ಮರೀತಾನೆ. ಎತ್ತಿಸಿ. ಎಲ್ಲರ ಮುಂದೆ ಎತ್ತಿಸಿ."

ಸುದ್ದಿ ಬಾಸಿಲನಿಗೆ ತಲುಪಿದಾಗ ಅವನು ಬೇಡವೆನ್ನುತ್ತಾನೆಂದು ಅವಳು ನಿರೀಕ್ಷಿಸಿದ್ದಳು. ಅವನು ಕೂಡಲೇ ಒಪ್ಪಿದ. ಹಾರೆ ತಾನೇ ತರುತ್ತೇನೆಂದನಂತೆ. ಅಷ್ಟು ಸುಲಭವಾಗಿ ಒಪ್ಪಿದವನು ಈಗಾಗಲೇ ಅಡಿಯಲ್ಲಿ ಕೈಯಾಡಿಸಿರಬೇಕೆಂದು ಯೋಚಿಸಿ ಅವಳು ಮತ್ತೆ ಕಲ್ಲಿನ ಬುಡವನ್ನು ಪರೀಕ್ಷಿಸಿದಳು. ಮಣ್ಣು ಗಟ್ಟಿಯಾಗಿತ್ತು, ಹುಲ್ಲಿನ ಬೇರುಗಳು ಅಲುಗಿರಲಿಲ್ಲ. ಆದರೂ ಕೆಲಸದ ದಿನ ಬರುವ ತನಕ ಬೆಳಿಗ್ಗೆ ಸಂಜೆ ಹೋಗಿ ನೋಡಿ ಬರುವುದನ್ನು ಅವಳು ಬಿಡಲಿಲ್ಲ.

ಜುಲೈಯ ಮೊದಲ ಗುರುವಾರ, ಬೆಳಿಗ್ಗೆ ಒಂಬತ್ತು ಗಂಟೆಗೆ, ನಾಲ್ವರು ಕಲ್ಲಿನ ಸುತ್ತ ಸೇರಿದರು. ಓತಾಂ ಗಾಳಿ ಎರಡು ದಿನದಿಂದ ಬಿಡದೆ ಬೀಸುತ್ತಿತ್ತು. ಕೊಟ್ಟಿಗೆಯೊಳಗೆ ಹೊಸ ಬೆಳ್ಳುಳ್ಳಿಯ ಕಟ್ಟುಗಳು ಒಂದಕ್ಕೊಂದು ತಾಗಿ ಸರಸರವೆನ್ನುತ್ತಿದ್ದವು. ಸರ್ವೆಯ ತಿಬೋ ವೆರ್ನ್ ಮೂವತ್ತರ ತುಂಬು ವಿನಯದ ತರುಣ. ಮೂರು ಕಾಲಿನ ಯಂತ್ರವನ್ನು ನಿಲ್ಲಿಸಿ, ದಾಖಲೆಯ ಹಳೆಯ ಪ್ರತಿಯೊಂದನ್ನು ಓದಿದ: 1834ರಲ್ಲಿ ಕಲ್ಲು ನೆಟ್ಟ ಅಳತೆಗಾರ, ಒಂದೇ ಹೆಂಚಿನ ಎರಡು ಹೋಳುಗಳನ್ನು ಅದರಡಿ ಎದುರುಬದುರಾಗಿ ಇರಿಸಿದ್ದೇನೆಂದು ತನ್ನ ಕೈಯಿಂದಲೇ ಬರೆದಿದ್ದ.

"ಕೇಳಿದ್ಯಾ?" ಎಂದಳು ಅರ್ಮಾಂದ್.

"ನಂಗೆ ಕಿವಿ ಚೆನ್ನಾಗಿದೆ, ಕಣ್ಣು ಮಾತ್ರ ಮನೇಲಿ ಮರೆತು ಬಂದಿದೀನಿ," ಎಂದ ಬಾಸಿಲ್, ಕನ್ನಡಕವಿಲ್ಲದ ಜೇಬನ್ನು ತಟ್ಟಿಕೊಳ್ಳುತ್ತ. "ಎತ್ತೋಣ ಬಾ ಮಗಾ."

ಹಾರೆಯ ಮೇಲೆ ಮುದುಕನೂ ತರುಣನೂ ಭಾರ ಹಾಕಿದರು. ಕಲ್ಲು ಒಮ್ಮೆ ನರಳಿತು, ವಾಲಿತು, ಒದ್ದೆ ಜೇಡಿಮಣ್ಣಿನ ಗುಳಿಯನ್ನು ಬಿಟ್ಟು ಪಕ್ಕಕ್ಕೆ ಮಲಗಿತು. ಗುಳಿಯಲ್ಲಿ ಏನೂ ಕಾಣಲಿಲ್ಲ. ತಿಬೋ ಬಗ್ಗಿ ಸಣ್ಣ ಸನಿಕೆಯಿಂದ ಮಣ್ಣನ್ನು ಪದರುಪದರಾಗಿ ತೆಗೆದ. ಒಂದು ಗೇಣಿನ ಆಳದಲ್ಲಿ ಸನಿಕೆ ಟಕ್ಕೆಂದಿತು. ಒಂದು ಹೋಳು. ಅದಕ್ಕೆದುರಾಗಿ ಇನ್ನೊಂದು.

ಅವನು ಅವೆರಡನ್ನೂ ಹೊರತೆಗೆದು, ಮುರಿದ ಅಂಚುಗಳ ಮಣ್ಣನ್ನಷ್ಟೇ ಉಗುರಿನಿಂದ ಕೆರೆದು, ನಿಧಾನವಾಗಿ ಜೋಡಿಸಿದ. ಹಲ್ಲಿಗೆ ಹಲ್ಲು ಕೂತವು. ಬೆಳಕಿಗೆ ಹಿಡಿದರೂ ನಡುವೆ ಒಂದು ಗೆರೆ ಬೆಳಕು ನುಸುಳಲಿಲ್ಲ.

"ಸರಿಯಾಗಿದೆ," ಎಂದ. "ಕಲ್ಲು ಅದರ ಜಾಗದಲ್ಲೇ ಇದೆ. ನಕ್ಷೆಯದೇ ತಪ್ಪು. ಹಳೇ ನಕ್ಷೆಗಳಲ್ಲಿ ಇದು ಇದ್ದದ್ದೇ. ಮದಾಂ, ಕ್ಷಮಿಸಿ, ಗೂಟಗಳನ್ನ ಇವತ್ತೇ ಕೀಳಿಸ್ತೀನಿ."

ಮೇಯರ್ ನಿಟ್ಟುಸಿರಿಟ್ಟು, ದಾರಿಯನ್ನು ಇನ್ನೆಲ್ಲಿ ಹಿಂಡಿ ತೆಗೆಯುವುದೆಂದು ಹಳ್ಳದ ಕಡೆ ನೋಡಿದರು. ಬಾಸಿಲ್ ಮಾತ್ರ ಕದಲಲಿಲ್ಲ. ಬಹಳ ಹೊತ್ತು ಗುಳಿಯನ್ನೇ ನೋಡಿ, ತಲೆಯ ಮೇಲಿನ ಟೊಪ್ಪಿಯನ್ನು ತೆಗೆದ. ಅವನ ಬೋಳುತಲೆ ಬಿಸಿಲಲ್ಲಿ ಎಳೆಗೂಸಿನ ತಲೆಯಂತೆ ಬೆಳ್ಳಗಿತ್ತು.

"ಅರ್ಮಾಂದ್. ಇವರೆಲ್ಲರ ಮುಂದೆ ಹೇಳ್ತೀನಿ. ನಮ್ಮಪ್ಪ ನಿಮ್ಮಪ್ಪನ್ನ ಕಳ್ಳ ಅಂದ. ಸಾಯೋವಾಗ್ಲೂ ಅಂದ. ನಾನೂ ನಂಬಿದ್ದೆ. ಮಣ್ಣಿಗೆ ಹಾಕೋ ದಿನ ಬರ್ಲಿಲ್ಲ ನಾವು. ತಪ್ಪಾಯ್ತು ಕಣೇ."

ಮೂರು ವಾರಗಳಿಂದ ಅವಳು ಕಾದಿದ್ದ ಗಳಿಗೆ ಇದೇ. ಅವಳು ತಿಬೋನ ಕೈಯಿಂದ ಹೋಳುಗಳನ್ನು ತೆಗೆದುಕೊಂಡಳು. ಗೆದ್ದ ವಸ್ತುವನ್ನು ಕೈಯಾರೆ ಹಿಡಿಯುವ ಆಸೆ ಯಾರಿಗಿಲ್ಲ? ಹಿಡಿದವಳು ಅಭ್ಯಾಸಬಲದಿಂದ, ಬೆಳ್ಳುಳ್ಳಿಯ ಮಣ್ಣನ್ನು ಒರೆಸುವಂತೆ, ಹೆಂಚಿನ ಬೆನ್ನನ್ನು ಹೆಬ್ಬೆರಳಿನಿಂದ ಒರೆಸಿದಳು.

ಜೇಡಿಯ ಅಡಿಯಲ್ಲಿ ಗೆರೆಗಳಿದ್ದವು. ಹಸಿ ಹೆಂಚಿನ ಮೇಲೆ ಬಾಚಣಿಗೆಯನ್ನು ಅಲೆಯಲೆಯಾಗಿ ಎಳೆದಾಗ ಮೂಡುವ ಗೆರೆಗಳು. ಒಂದು, ಆಮೇಲೆ ಬರಿಯ ಜಾಗ, ಆಮೇಲೆ ಮೂರು. ಎರಡನೆಯ ಹಲ್ಲು ಮುರಿದಿದ್ದ ಬಾಚಣಿಗೆ.

ಆ ಗೆರೆಗಳು ಅವಳಿಗೆ ಗೊತ್ತಿದ್ದವು. ಏಣಿಯ ಬುಡದಲ್ಲಿ ನಿಂತು ಎಂಟುನೂರು ಹೆಂಚುಗಳನ್ನು ಎತ್ತಿಕೊಟ್ಟ ಬೆರಳುಗಳಿಗೆ ಅವನ್ನು ಮರೆಯುವುದು ಸಾಧ್ಯವಿರಲಿಲ್ಲ. ಪ್ರತಿಯೊಂದು ಹೆಂಚುಗಾರನೂ ತನ್ನ ಹೆಂಚಿಗೆ ತನ್ನದೇ ಗುರುತು ಎಳೆಯುತ್ತಿದ್ದ ಕಾಲ ಅದು. ಇದು ಬಾಸಿಲನ ತಂದೆಯ ಗುರುತು. ಆ ಗೂಡಿಗೆ ಮೊದಲು ಬೆಂಕಿ ಬಿದ್ದದ್ದು ಎರಡನೆಯ ಮಹಾಯುದ್ಧ ಮುಗಿದ ಮೇಲೆ. ಆಗ ನೂರಾಹನ್ನೆರಡು ವರ್ಷ ಹಳತಾಗಿದ್ದ ಕಲ್ಲಿನ ಅಡಿಗೆ ಆ ಹೆಂಚು ತಾನಾಗಿ ಹೋಗಿ ಸೇರುವುದಿಲ್ಲ.

ಗಾಳಿ ಅವಳ ಲಂಗವನ್ನು ಕಾಲಿಗೆ ಸುತ್ತಿತು. ಕಲ್ಲನ್ನು ಸರಿಸಿದವನು ಸಾಕ್ಷಿಯನ್ನು ಮರೆಯುತ್ತಾನೆಂದು ಅವಳೇ ಹೇಳಿದ್ದಳು, ಸಿಪ್ರಿಯಾಂ ಮರೆತಿರಲಿಲ್ಲ. ಮಾಡಿಗೆ ಹಾಕಿ ಮಿಕ್ಕ ಒಂದು ಹೆಂಚನ್ನು ಮುರಿದು, ಎದುರುಬದುರಾಗಿ, ಅಳತೆಗಾರನಷ್ಟೇ ಶ್ರದ್ಧೆಯಿಂದ ಹೂತಿದ್ದ. ಹಾಗಾದರೆ ಹಳೆಯ ಹೋಳುಗಳು? ಅವುಗಳನ್ನು ಕಿತ್ತನೇ, ಅಥವಾ ಕೀಳಲು ಮನಸ್ಸು ಬಾರದೆ ಅಲ್ಲೇ ಬಿಟ್ಟನೇ? ಬಿಟ್ಟಿದ್ದರೆ ಅವು ಇಲ್ಲಿಂದ ಮೂರು ಹೆಜ್ಜೆಯ ಆಚೆ ಇರಬೇಕು, ನಡುಗಂಬದ ಬುಡದಲ್ಲಿ. ಯಾರೂ ಅಗೆಯಬಾರದೆಂದು ಅದರ ಮೇಲೊಂದು ಕೊಟ್ಟಿಗೆ. ಗಾಳಿಗಾಗಿ ಆರಿಸಿದ ಜಾಗವೆಂದು ಅವಳು ಅರುವತ್ತು ವರ್ಷ ನಂಬಿಕೊಂಡು ಬಂದ ಜಾಗ!

ಬಾಸಿಲ್ ಟೊಪ್ಪಿಯನ್ನು ಕೈಯಲ್ಲಿ ಹಿಡಿದು ಇನ್ನೂ ನಿಂತೇ ಇದ್ದ. ಅವನಿಗೆ ಕಾಣಿಸಿರಲಿಲ್ಲ. ತಿಬೋಗೆ ಆ ಗೆರೆಗಳು ಗೆರೆಗಳಷ್ಟೇ. ಹೆಂಚನ್ನು ತಿರುಗಿಸಿ ಗುಳಿಗೆ ಇಳಿಸಿದರೆ ಮುಗಿಯಿತು. ಕಲ್ಲು ಮೇಲೆ ಕೂರುತ್ತದೆ, ಕೊಟ್ಟಿಗೆ ನಿಲ್ಲುತ್ತದೆ, ತಂದೆಯ ಹೆಸರು ನಿಲ್ಲುತ್ತದೆ. ಹೆಬ್ಬೆರಳಿನಿಂದ ಅವಳು ಆ ಗೆರೆಗಳನ್ನು ಮುಚ್ಚಿ ಹಿಡಿದಳು. ಮೂರು ಉಸಿರಿನಷ್ಟು ಕಾಲ ಹಾಗೆಯೇ ಹಿಡಿದಿದ್ದಳು. ಕ್ಷಮೆ ಕೇಳಿದವನ ಆ ಬೆಳ್ಳನೆಯ ಬೋಳುತಲೆ ಎದುರಿಗಿರದಿದ್ದರೆ ಇನ್ನೂ ಹಿಡಿದಿರುತ್ತಿದ್ದಳೋ ಏನೋ. ಆ ಬಗ್ಗೆ ಆಮೇಲೆ ಅವಳಿಗೇ ತನ್ನ ಮೇಲೆ ನಂಬಿಕೆಯಿರಲಿಲ್ಲ.

"ಟೊಪ್ಪಿ ಹಾಕ್ಕೋ, ಬಿಸಿಲು," ಎಂದಳು. "ಕೈ ಕೊಡು."

ಅವನ ದಪ್ಪ ಹೆಬ್ಬೆರಳನ್ನು ಹಿಡಿದು ಹೆಂಚಿನ ಬೆನ್ನ ಮೇಲಿಟ್ಟಳು. ಬೆರಳು ಒಮ್ಮೆ ಹೋಯಿತು, ಹಿಂದಕ್ಕೆ ಬಂತು, ಬರಿಯ ಜಾಗದಲ್ಲಿ ನಿಂತಿತು.

"ಅಪ್ಪನ ಬಾಚಣಿಗೆ," ಎಂದ ಬಾಸಿಲ್, ಪಿಸುದನಿಯಲ್ಲಿ.

"ಹೌದು. ನಮ್ಮ ಮಾಡಿನ ಹೆಂಚು." ಅವಳು ತಿಬೋನ ಕಡೆಗೆ ತಿರುಗಿದಳು. "ಕಲ್ಲು ಸರಿ ಅಂತ ಬರೀಬೇಡಿ ಮಿಸ್ಯೂ. ಈ ಹೆಂಚು ಇವರಪ್ಪ ಮಾಡಿದ್ದು. ಕಲ್ಲು ನೆಟ್ಟಾಗ ಇವರಪ್ಪನ ಅಜ್ಜನೂ ಹುಟ್ಟಿರ್ಲಿಲ್ಲ. ಬನ್ನಿ, ನಿಮ್ಮ ಗೂಟದ ಹತ್ರ ಅಗೆಯೋಣ."

ಕೊಟ್ಟಿಗೆಯೊಳಗೆ ಅವಳೇ ಬೆಳ್ಳುಳ್ಳಿಯ ಕಟ್ಟುಗಳನ್ನು ಪಕ್ಕಕ್ಕೆ ಸರಿಸಿ ಜಾಗ ಮಾಡಿದಳು. ತಿಬೋ ಅಗೆದ. ಒಂದು ಮೊಳದ ಆಳದಲ್ಲಿ, ಗಾಳಿಯೇ ಕಾಣದ ಕಪ್ಪು ಮಣ್ಣಿನಲ್ಲಿ, ತೆಳ್ಳಗಿನ ಮಾಸಲು ಬಣ್ಣದ ಎರಡು ಹೋಳುಗಳು ಒಂದರ ಮುಖವನ್ನೊಂದು ನೋಡುತ್ತ ನಿಂತಿದ್ದವು. ಅವುಗಳ ಮೇಲೆ ಯಾವ ಬಾಚಣಿಗೆಯ ಗೆರೆಯೂ ಇರಲಿಲ್ಲ. ಜೋಡಿಸಿದಾಗ ಅವೂ ಕೂಡಿಕೊಂಡವು.

ತಿಬೋ ಮಂಡಿಯ ಮಣ್ಣನ್ನು ಕೊಡವಿಕೊಂಡು ಎದ್ದ.

"ಮದಾಂ, ಒಂದು ಮಾತು. ಮೂವತ್ತು ವರ್ಷಕ್ಕಿಂತ ಹೆಚ್ಚು ಕಾಲ ಈ ಜಾಗ ನಿಮ್ಮ ಕೈಯಲ್ಲಿದೆ. ಬೇಕಿದ್ರೆ ಕೋರ್ಟಲ್ಲಿ ವಾದ ಮಾಡಬಹುದಿತ್ತು. ಈಗಲೂ ಮಾಡಬಹುದು. ಆದರೆ ನೀವೇ ಎಲ್ಲರ ಮುಂದೆ ತೋರಿಸಿದ್ದರಿಂದ ನಾನು ಇದನ್ನ ಬರೀಲೇಬೇಕು."

"ಬರೀರಿ. ಕೋರ್ಟಿಗೆ ಹೋಗಲ್ಲ ನಾನು."

ಮೇಯರರ ಹುಬ್ಬುಗಳು ಕೂಡಿಕೊಂಡವು. ಬಾಸಿಲನನ್ನು ತೋಳು ಹಿಡಿದು ಸೂರ್ಯಕಾಂತಿಗಳ ಕಡೆಗೆ ಕರೆದೊಯ್ದರು. ಗಾಳಿ ಈ ಕಡೆಗೇ ಬೀಸುತ್ತಿತ್ತಾದ್ದರಿಂದ ಪಿಸುಮಾತು ಇಡಿಯಾಗಿ ಕೊಟ್ಟಿಗೆಗೆ ಬಂತು.

"ಗೆದ್ದಿದ್ದರಲ್ಲ ಅವರು? ಗೆದ್ದ ಮೇಲೆ ಯಾಕೆ?"

"ಅದೇ ನಾನೂ ಯೋಚಿಸ್ತಿದೀನಿ ಮೇಯರಮ್ನೋರೇ."

"ಇದಕ್ಕೆ ಬದಲಾಗಿ ತಮ್ಮ ಉಳಿದ ಹೊಲಕ್ಕೆ ಮನೆ ಕಟ್ಟೋ ಅನುಮತಿ ಕೇಳ್ತಾರಾ?"

"ರೆಸೆಗಿಯೆಗಳು ಅಷ್ಟು ಅಗ್ಗಕ್ಕೆ ಬರೋರಲ್ಲ. ಇದ್ರಲ್ಲಿ ಏನೋ ಇದೆ."

ಬಾಸಿಲ್ ಮರಳಿ ಬಂದು ಬಾಗಿಲಲ್ಲಿ ನಿಂತ. ಕಣ್ಣು ಕಿರಿದು ಮಾಡಿಕೊಂಡು ಅವಳನ್ನು ನೋಡಿದ. ಆ ನೋಟದ ಪರಿಚಯ ಅವಳಿಗಿತ್ತು; ಮೂರು ವಾರ ಹಲಗೆಯ ಸಂದಿನಿಂದ ಅವನನ್ನು ಅವಳು ನೋಡಿದ್ದು ಹೀಗೆಯೇ.

"ಏನು ಬೇಕು ನಿಂಗೆ?"

"ಬೆಳ್ಳುಳ್ಳಿ ಒಣಗೋ ತನಕ ಕೊಟ್ಟಿಗೆ ನಿಲ್ಲಲಿ. ಅಷ್ಟೇ."

"ಅಷ್ಟೇ."

"ಅಷ್ಟೇ."

"ನೋಡಿದ್ರಾ?" ಎಂದ ಬಾಸಿಲ್, ಮೇಯರರ ಕಡೆ ತಿರುಗಿ. "ಶುರುವಾಯ್ತು."

ತಿಬೋ ಕಾರಿನ ಮೂತಿಯ ಮೇಲೆ ಕಾಗದಗಳನ್ನು ಹರಡಿ ವರದಿಯನ್ನು ಬರೆದ. ಗಡಿ ಗೂಟದ ಗೆರೆಯಲ್ಲಿ. ಕೊಟ್ಟಿಗೆಯ ಅರ್ಧ ಎಸ್ಕುದಿಯೆಯ ಹೊಲದಲ್ಲಿ. ಅರ್ಮಾಂದ್ ಮೊದಲು ಸಹಿ ಹಾಕಿದಳು, ಓದದೆಯೇ. ಅದೇ ಅನರ್ಥವಾಯಿತು.

"ಓದ್ಲೂ ಇಲ್ಲ!" ಎಂದ ಬಾಸಿಲ್. ಲೇಖನಿಯನ್ನು ಹಾವಿನ ಮರಿಯಂತೆ ಎರಡು ಬೆರಳಲ್ಲಿ ಹಿಡಿದವನು ಮೆಲ್ಲಗೆ ಅದರ ಮುಚ್ಚಳ ಹಾಕಿದ. "ಕನ್ನಡಕ ಇಲ್ಲ ನಂಗೆ. ಮನೆಗೆ ಒಯ್ದು ಓದ್ತೀನಿ."

"ಇದು ನಿಮಗೇ ಲಾಭ ಮಿಸ್ಯೂ ಎಸ್ಕುದಿಯೆ," ಎಂದರು ಮೇಯರ್, ಕೈಗಡಿಯಾರ ನೋಡಿಕೊಳ್ಳುತ್ತ.

"ಅದಕ್ಕೇ ಓದ್ಬೇಕು."

ಅವನು ಓದಿದ. ಜುಲೈಯೆಲ್ಲ ಓದಿದ. ತುಲೂಸಿನ ನೋಟರಿಯ ಬಳಿಗೆ ಒಯ್ದು ಓದಿಸಿದ, ಅಳಿಯನಿಂದ ಓದಿಸಿದ, ಅಂಗಡಿಯ ರೋಲಾಂದಳಿಗೂ ತೋರಿಸಿದನೆಂದು ಊರಲ್ಲಿ ಮಾತು. ಅದರಲ್ಲಿ ಯಾವ ಮೋಸವೂ ಇಲ್ಲವೆಂದು ಎಲ್ಲರೂ ಹೇಳಿದಷ್ಟೂ, ಮೋಸ ಇಷ್ಟು ಆಳದಲ್ಲಿ ಹೂತಿದೆಯಲ್ಲಾ ಎಂದು ಅವನು ಬೆರಗಾದ. ಪುರಸಭೆಯಿಂದ ಎರಡು ಪತ್ರಗಳು ಬಂದವು. ಗುತ್ತಿಗೆದಾರನ ಹಳದಿ ಯಂತ್ರಗಳು ಬಂದು, ನಿಂತು, ಬೇರೊಂದು ಊರಿಗೆ ಹೋದವು. ಅರ್ಮಾಂದಳ ಬೆಳ್ಳುಳ್ಳಿ ಎಲುಬಿನಂತೆ ಒಣಗಿತು. ಆ ವರ್ಷದ ಗಾಳಿ ಒಳ್ಳೆಯ ಗಾಳಿ.

ಪೂಜೆಯ ಭಾನುವಾರದಂದು ವಾಚನಕ್ಕೆ ಹೆಸರು ಕರೆದಾಗ ಅವಳು ಏಳಲಿಲ್ಲ. ಗಂಟಲು ಸರಿಯಿಲ್ಲವೆಂದು ಕೈಸನ್ನೆ ಮಾಡಿದಳು. ಅದಾದ ಮೇಲೆ ತಂದೆಯ ಸಮಾಧಿಯ ಬಳಿ ಹೋಗಿ, ಹುಲ್ಲನ್ನಷ್ಟು ಕಿತ್ತು ಬಂದಳು.

ಆಗಸ್ಟಿನ ಕೊನೆಯ ವಾರ ಬಾಸಿಲ್ ಕೊಟ್ಟಿಗೆಗೆ ಬಂದ. ಕೈಯಲ್ಲಿ ಅದೇ ವರದಿ. ಮಡಿಸಿ ಮಡಿಸಿ ಅದರ ಮೂಲೆಗಳು ಮೆತ್ತಗಾಗಿದ್ದವು. ಮೂಗಿನ ಮೇಲೆ ಕನ್ನಡಕವಿತ್ತು. ಬೆಳ್ಳುಳ್ಳಿಯ ಜಡೆ ಹೆಣೆಯುತ್ತಿದ್ದ ಅವಳ ಎದುರು ಒಂದು ಪೆಟ್ಟಿಗೆಯನ್ನು ಬೋರಲು ಹಾಕಿಕೊಂಡು ಕೂತ.

"ಬೆಳ್ಳುಳ್ಳಿ ಒಣಗ್ತಾ?"

"ಒಣಗ್ತು."

"ಮಾರಾಟ ಆಯ್ತಾ?"

"ಅರ್ಧ ಆಗಿದೆ."

"ಈಗ ಇಲ್ಲಿ ಇಬ್ರೇ ಇದೀವಿ. ನಿಜ ಹೇಳು ಅರ್ಮಾಂದ್. ಯಾರಿಗೂ ಹೇಳಲ್ಲ. ನಿಂಗೆ ನನ್ನಿಂದ ಏನು ಬೇಕಿತ್ತು?"

ಅವಳು ಜಡೆಯ ತುದಿಗೆ ಗಂಟು ಹಾಕಿ ಹಲ್ಲಿನಿಂದ ದಾರವನ್ನು ಕಡಿದಳು.

"ನಿನ್ನ ಸಹಿ," ಎಂದಳು.

ಬಾಸಿಲ್ ಕನ್ನಡಕದ ಮೇಲಿನಿಂದ ಅವಳನ್ನು ದಿಟ್ಟಿಸಿ ನೋಡಿದ. ಅವನ ಮುಖದಲ್ಲಿ ನಿಧಾನವಾಗಿ, ಬೇಸಿಗೆಯೆಲ್ಲ ಹುಡುಕಿದ್ದು ಕೊನೆಗೂ ಕೈಗೆ ಸಿಕ್ಕವನ ಕಳೆ ಮೂಡಿತು.

"ಹಂಗನ್ನು ಮತ್ತೆ!" ಎಂದು ಕಾಗದವನ್ನು ಜೇಬಿಗೆ ತುರುಕಿಕೊಂಡ. "ಗೊತ್ತಿತ್ತು ಕಣೇ ನಂಗೆ. ಮೊದಲ ದಿನದಿಂದ್ಲೂ ಗೊತ್ತಿತ್ತು." ಮಂಡಿಯ ಮೇಲೆ ಕೈಯೂರಿ ಎದ್ದು, ಬಾಗಿಲಲ್ಲಿ ನಿಂತು, ತೊಲೆಗಳನ್ನೂ ಮಾಡನ್ನೂ ಒಮ್ಮೆ ನೋಡಿದ. "ಮುಂದಿನ ವರ್ಷಕ್ಕೂ ಬಿತ್ತು ನೀನು. ನಾನಂತೂ ಅಷ್ಟು ಸುಲಭಕ್ಕೆ ಸಿಕ್ಕೋನಲ್ಲ."